ಹಳೆಯ ಹಿಂಡಿನಲ್ಲಿ ಹೊಸ ಮರಿಗಳು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯದ ಮೇಲೆ ಒಂದು ಲೇಖನ, ಆದಿಲಶಾಹಿ ಕಟ್ಟಡಗಳ ಮೇಲೆ ಇನ್ನೊಂದು ಲೇಖನ ಇರುವದು ವಾಡಿಕೆ. ನಾನು ಕೋಳಿಗಳ ಮೇಲೆ ಬರೆಯುತ್ತೇನೆಂದಾಗ ಮಿತ್ರರು ನಕ್ಕರು. "ಉಣ್ಣೂದರ ಬಗ್ಗೆ ಬರೀತಿಯೋ, ಸಾಕೂದರ ಬಗ್ಗೆ ಬರೀತಿಯೋ?" ಎಂದು ಒಬ್ಬರು ಕೇಳಿದರು. ಸಾಕುವ ಬಗೆಗೇ ಬರೆಯುತ್ತಿದ್ದೇನೆ. ಅದರಲ್ಲಿಯೂ ಕೋಳಿ ಸಾಕಣೆಯ ಸಮಗ್ರ ಶಾಸ್ತ್ರವನ್ನು ಹೇಳುವ ಅಧಿಕಾರ ನನಗಿಲ್ಲ. ನನ್ನ ಮುಂದಿರುವದು ಒಂದೇ ಪ್ರಶ್ನೆ. ಹಿತ್ತಲಿನಲ್ಲಿ ಮೊದಲಿನಿಂದ ಇರುವ ದೊಡ್ಡ ಕೋಳಿಗಳ ನಡುವೆ ಹೊಸದಾಗಿ ತಂದ ಸಣ್ಣ ಮರಿಗಳನ್ನು ಜೀವಕ್ಕೆ ಅಪಾಯವಾಗದಂತೆ ಸೇರಿಸುವದು ಹೇಗೆ?

ಪ್ರಶ್ನೆ ಚಿಕ್ಕದು, ಆದರೆ ಅದರ ಹಿಂದೆ ಇರುವ ಸಂಸಾರಗಳು ಚಿಕ್ಕವಲ್ಲ. ರೇಲ್ವೆ ನಿಲ್ದಾಣದಿಂದ ಹೊರಟು ಗೋಲಗುಮ್ಮಟದ ಮುಂದೆ ಹಾಯ್ದು ಪೇಟೆಯ ಕಡೆಗೆ ಬರುವ ನಮ್ಮ ಸ್ಟೇಷನ್ ರಸ್ತೆಯನ್ನು ಪ್ರವಾಸಿಗಳು ಬಲ್ಲರು. ಅವರು ಕಾಣುವದು ಹೋಟೆಲು, ಅಂಗಡಿ, ಟಾಂಗಾ, ಬಸ್ಸು. ರಸ್ತೆಯನ್ನು ಬಿಟ್ಟು ಒಳಗಿನ ಓಣಿಗೆ ಹೊಕ್ಕರೆ ಇನ್ನೂ ಹಿತ್ತಲುಗಳಿವೆ, ಹಿತ್ತಲುಗಳಲ್ಲಿ ಕೋಳಿಗಳಿವೆ. ತಿಕೋಟೆ, ಬಬಲೇಶ್ವರಗಳ ಕಡೆಯಿಂದ ಬರುವ ನನ್ನ ಸಹಾಧ್ಯಾಯಿಗಳ ಮನೆಗಳಲ್ಲಂತೂ ಇವೆ. ತತ್ತಿ ಮಾರಿದ ಹಣ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿಯೇ ಉಳಿಯುತ್ತದೆ. ಅದನ್ನು ಯಾರೂ ಲೆಕ್ಕ ಕೇಳುವದಿಲ್ಲ. ಆದರೆ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಆ ಹಣವೇ ಡಬ್ಬಿಯಿಂದ ಹೊರಬರುತ್ತದೆ. ನನ್ನ ಎರಡು ವರ್ಷದ ಪಠ್ಯಪುಸ್ತಕಗಳು ನಮ್ಮ ಅವ್ವನ ಒಂಬತ್ತು ಹೇಟೆಗಳ ದಾನವೆಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ನಮ್ಮ ಓಣಿಯಲ್ಲಿ ನಾವೆಲ್ಲ ಚಿಗವ್ವ ಎಂದು ಕರೆಯುವ ಒಬ್ಬ ತಾಯಿ ಇದ್ದಾಳೆ. ಹೋದ ವರ್ಷ ಅವಳು ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಒಂದು ತಿಂಗಳಿನ ಇಪ್ಪತ್ತು ಗಿರಿರಾಜ ಮರಿಗಳನ್ನು ತಂದಳು. ಮನೆಯಲ್ಲಿ ಮೊದಲೇ ಆರು ಜವಾರಿ ಹೇಟೆಗಳಿದ್ದವು. ಸಂಜೆ ಮರಿಗಳನ್ನು ಬುಟ್ಟಿಯಿಂದ ತೆಗೆದು ಅವುಗಳ ನಡುವೆ ಬಿಟ್ಟಳು. ಮರುದಿನ ಸಂಜೆಯ ಹೊತ್ತಿಗೆ ಏಳು ಮರಿಗಳು ಸತ್ತಿದ್ದವು. ಉಳಿದವು ಒಗೆಯುವ ಕಲ್ಲಿನ ಹಿಂದೆ ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು. ಮುಂದಿನ ಎರಡು ದಿನಗಳಲ್ಲಿ ಇನ್ನೂ ನಾಲ್ಕು ಹೋದವು. ಅವುಗಳ ಮೈಮೇಲೆ ಗಾಯವಿರಲಿಲ್ಲ. ಅವು ಹೆದರಿ ಕಾಳು ನೀರಿನ ಹತ್ತಿರ ಬಾರದೆ ಸತ್ತಿದ್ದವು. ಅವಳು ನಮ್ಮ ಅವ್ವನ ಮುಂದೆ ಕುಳಿತು, "ಯಕ್ಕಾ, ಬೆಕ್ಕ ತಿಂದಿದ್ರ ಬೆಕ್ಕಿನ ಬುದ್ಧಿ ಅಂತಿದ್ದೆ. ನಾನ ಸಾಕಿದ ಕೋಳಿ ನನ್ನ ಮರಿ ಕೊಂದ್ವಲ್ಲ, ಇದಕ್ಕ ಏನಂತಿ?" ಎಂದಳು. ಅವ್ವನಲ್ಲಿ ಉತ್ತರವಿರಲಿಲ್ಲ. ಸಾಲದ ಕಂತು ಮಾತ್ರ ವಾರ ವಾರವೂ ತಪ್ಪದೆ ಬರುತ್ತಿತ್ತು.

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೂರು ಕಡೆ ಹೋದೆ. ಒಂದು ನಮ್ಮ ವಾಚನಾಲಯ, ಎರಡನೆಯದು ಪರಿಚಯದ ಪಶುವೈದ್ಯರೊಬ್ಬರು, ಮೂರನೆಯದು ನಮ್ಮ ಆಯಿ. ಮೂವರೂ ಹೇಳಿದ್ದು ಕೊನೆಗೆ ಒಂದೇ ಕಡೆ ಕೂಡಿತು. ಅದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಕೊಕ್ಕಿನ ಶ್ರೇಣಿ

ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬವನು ಹುಡುಗನಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತ, ಯಾವದು ಯಾವದನ್ನು ಕುಟುಕುತ್ತದೆಂದು ಟಿಪ್ಪಣಿ ಇಡುತ್ತಿದ್ದನು. ಆ ನೋಟದ ಫಲವನ್ನು ಅವನು ೧೯೨೨ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು. ಇಂದು ಸಮಾಜಶಾಸ್ತ್ರದ ಪುಸ್ತಕಗಳವರೆಗೂ ಬಂದಿರುವ 'ಕೊಕ್ಕಿನ ಶ್ರೇಣಿ' ಎಂಬ ಕಲ್ಪನೆ ಅಲ್ಲಿಂದ ಹೊರಟದ್ದು. ಅವನು ಕಂಡದ್ದಿಷ್ಟು: ಒಂದು ಹಿಂಡಿನಲ್ಲಿರುವ ಪ್ರತಿಯೊಂದು ಎರಡು ಕೋಳಿಗಳ ನಡುವೆ ಯಾವದು ಮೇಲು, ಯಾವದು ಕೆಳಗು ಎಂಬದು ನಿರ್ಣಯವಾಗಿರುತ್ತದೆ. ಮೇಲಿನದು ಕುಟುಕಬಹುದು, ಕೆಳಗಿನದು ತಿರುಗಿ ಕುಟುಕದೆ ಸರಿದು ನಿಲ್ಲುತ್ತದೆ. ಕೆಲವೊಮ್ಮೆ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಆ ಮೂರನೆಯದು ಮೊದಲನೆಯದನ್ನೇ ಕುಟುಕುವ ವಿಚಿತ್ರವೂ ಉಂಟು.

ಈ ಶ್ರೇಣಿಯನ್ನು ಕೇವಲ ದಬ್ಬಾಳಿಕೆಯೆಂದು ತಿಳಿಯಬಾರದು. ಒಮ್ಮೆ ನಿರ್ಣಯವಾದ ಮೇಲೆ ಜಗಳ ಕಡಿಮೆಯಾಗುತ್ತದೆ. ಮೇಲಿನ ಹೇಟೆ ತಲೆಯೆತ್ತಿ ನೋಡಿದರೆ ಸಾಕು, ಕೆಳಗಿನದು ದಾರಿ ಬಿಡುತ್ತದೆ. ರಕ್ತ ಸುರಿಯುವ ಪ್ರಸಂಗ ಬರುವದಿಲ್ಲ. ಆದರೆ ಇದು ನಡೆಯಬೇಕಾದರೆ ಪ್ರತಿಯೊಂದು ಕೋಳಿಯೂ ಉಳಿದವುಗಳ ಗುರುತು ಇಟ್ಟುಕೊಂಡಿರಬೇಕು. ಈ ಗುರುತು ಮುಖ್ಯವಾಗಿ ತಲೆಯ ಭಾಗದಿಂದ ಸಿಗುತ್ತದೆ. ಅಮೇರಿಕೆಯ ಗೂಲ್ ಮತ್ತು ಆರ್ಟ್‌ಮನ್ ಎಂಬವರು ೧೯೫೩ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೋಳಿಗಳ ರೂಪವನ್ನು ಬೇರೆ ಬೇರೆ ರೀತಿಯಿಂದ ಬದಲಿಸಿ ನೋಡಿದರು. ಜುಟ್ಟು, ತಲೆ, ಕುತ್ತಿಗೆಗಳ ರೂಪ ಬದಲಾದಾಗ ಸ್ವಂತ ಹಿಂಡಿನವೇ ಆ ಕೋಳಿಯನ್ನು ಅಪರಿಚಿತವೆಂದು ಬಗೆದವು.

ಇನ್ನು ಚಿಗವ್ವನ ಹಿತ್ತಲಿನಲ್ಲಿ ನಡೆದದ್ದನ್ನು ಊಹಿಸಿರಿ. ಆರು ಹೇಟೆಗಳು ತಮ್ಮ ತಮ್ಮಲ್ಲಿ ಲೆಕ್ಕ ತೀರಿಸಿಕೊಂಡು ನೆಮ್ಮದಿಯಿಂದ ಇದ್ದವು. ಒಂದು ಸಂಜೆ ಒಮ್ಮೆಲೆ ಇಪ್ಪತ್ತು ಅಪರಿಚಿತ ತಲೆಗಳು ಅವುಗಳ ಕಾಳಿನ ತಟ್ಟೆಗೆ ಬಂದವು. ಪ್ರತಿಯೊಂದರೊಡನೆ ಹೊಸ ಲೆಕ್ಕವಾಗಬೇಕು. ದೊಡ್ಡ ಕೋಳಿಯೊಂದು ಹೊಸದಾಗಿ ಬಂದಿದ್ದರೆ ಅದು ಎದುರು ನಿಲ್ಲುತ್ತಿತ್ತು, ಇಲ್ಲವೆ ಹಾರಿ ಹೋಗುತ್ತಿತ್ತು. ಮರಿಗೆ ಎದುರು ನಿಲ್ಲುವ ಬಲವೂ ಇಲ್ಲ, 'ಸೋತೆ' ಎಂದು ಸರಿದು ನಿಲ್ಲುವ ರೀತಿಯೂ ತಿಳಿಯದು. ಓಡುತ್ತದೆ, ಓಡಿದ್ದನ್ನು ಬೆನ್ನಟ್ಟುವದು ಕೋಳಿಯ ಸ್ವಭಾವ. ಒಂದು ಹನಿ ರಕ್ತ ಕಂಡಿತೆಂದರೆ ಆ ಕೆಂಪು ಬಣ್ಣಕ್ಕೆ ಉಳಿದ ಕೊಕ್ಕುಗಳೂ ಬಂದು ಕೂಡುತ್ತವೆ.

ಪರಿಚಯ ಮಾಡಿಸುವವರು ಯಾರು?

ಇಲ್ಲಿ ನಮ್ಮ ಆಯಿ ಒಂದು ಆಕ್ಷೇಪವೆತ್ತಿದಳು. "ತಮ್ಮಾ, ನಾ ಸಣ್ಣಾಕಿದ್ದಾಗಿಂದ ಕೋಳಿ ನೋಡೀನಿ. ನಮ್ಮ ಹೇಟಿ ಮರಿ ಮಾಡಿದ್ರ ಉಳಿದ ಹೇಟಿ ಮುಟ್ಟತಿರಲಿಲ್ಲ. ಹಂಗಾರ ಆವಾಗ ನಿನ್ನ ಶ್ರೇಣಿ ಎಲ್ಲಿ ಹೋಗಿತ್ತು?" ಈ ಆಕ್ಷೇಪದಲ್ಲಿಯೇ ಇಡೀ ವಿಷಯದ ಕೀಲಿಕೈ ಇದೆ.

ಜವಾರಿ ಹೇಟೆ ಇಪ್ಪತ್ತೊಂದು ದಿನ ಕಾವು ಕೊಟ್ಟು ಮರಿ ಮಾಡುತ್ತದೆ. ಮರಿಗಳೊಡನೆ ಅದು ಹಿತ್ತಲಿಗೆ ಇಳಿದಾಗ ಗರಿಗೆದರಿಕೊಂಡು ಇಮ್ಮಡಿ ಗಾತ್ರದ್ದಾಗಿ ಕಾಣುತ್ತದೆ. ಮರಿಯ ಕಡೆ ಬಂದ ಹೇಟೆಯನ್ನು, ಅದು ಶ್ರೇಣಿಯಲ್ಲಿ ತನಗಿಂತ ಮೇಲಿನದಿದ್ದರೂ, ಅಟ್ಟಿಕೊಂಡು ಹೋಗುತ್ತದೆ. ಹೀಗೆ ಆರೆಂಟು ವಾರ. ಅಷ್ಟರಲ್ಲಿ ಉಳಿದ ಕೋಳಿಗಳು ಆ ಮರಿಗಳನ್ನು ನಿತ್ಯವೂ ನೋಡಿ ನೋಡಿ ಅಭ್ಯಾಸವಾಗಿರುತ್ತವೆ. ಮರಿಗಳೂ ಯಾರ ಮುಂದೆ ಸರಿಯಬೇಕು, ಎಲ್ಲಿ ಅಡಗಬೇಕು, ತಟ್ಟೆಯ ಯಾವ ಬದಿಯಲ್ಲಿ ಬಾಯಿ ಹಾಕಬೇಕು ಎಂಬದನ್ನು ತಾಯಿಯ ರೆಕ್ಕೆಯ ಆಶ್ರಯದಲ್ಲಿ ಕಲಿತಿರುತ್ತವೆ. ಆಮೇಲೆ ಒಂದು ದಿನ ತಾಯಿಯೇ ಅವುಗಳನ್ನು ಕುಟುಕಿ ದೂರ ಮಾಡುತ್ತದೆ. ಆಗ ಅವು ಶ್ರೇಣಿಯ ಕಟ್ಟಕಡೆಯಲ್ಲಿ, ಆದರೆ ಶ್ರೇಣಿಯ ಒಳಗೇ, ಸ್ಥಾನ ಪಡೆಯುತ್ತವೆ. ಅಂದರೆ ಹೇಟೆ ಮರಿಗೆ ಕಾವು ಕೊಡುವದಷ್ಟೇ ಅಲ್ಲ. ಹಿಂಡಿಗೆ ಅದರ ಪರಿಚಯವನ್ನೂ ಮಾಡಿಸುತ್ತದೆ.

ಈಗ ನಾವು ಕೊಂಡು ತರುವ ಮರಿಗಳು ಯಂತ್ರದ ಕಾವಿನಲ್ಲಿ ಹುಟ್ಟಿದವು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾಗಿ ೧೯೮೯ರಲ್ಲಿ ಹೊರಬಂದ ಗಿರಿರಾಜವಾಗಲಿ, ೨೦೦೫ರಲ್ಲಿ ಬಂದ ಸ್ವರ್ಣಧಾರೆಯಾಗಲಿ ಹಿತ್ತಲಿನ ಸಾಕಣೆಗೆಂದೇ ಬೆಳೆಸಿದ ತಳಿಗಳು. ಜವಾರಿಗಿಂತ ಬೇಗ ತೂಕ ಬರುತ್ತವೆ, ತತ್ತಿಯನ್ನೂ ಹೆಚ್ಚು ಇಡುತ್ತವೆ. ಅವುಗಳಿಂದ ಬಡ ಮನೆಗಳಿಗೆ ಆದ ಉಪಕಾರ ಸಣ್ಣದಲ್ಲ. ಆದರೆ ಯಂತ್ರವು ತಾಯಿಯ ಮೊದಲನೆಯ ಕೆಲಸವನ್ನು ಮಾತ್ರ ಮಾಡುತ್ತದೆ, ಎರಡನೆಯದನ್ನು ಮಾಡಲಾರದು. ಮರಿಗೆ ಕಾವು ಸಿಕ್ಕಿತು, ಪರಿಚಯ ಮಾಡಿಸುವವರು ಸಿಗಲಿಲ್ಲ. ಆದುದರಿಂದ ಆ ಕೆಲಸವು ಸಾಕುವವರ ಮೇಲೆ ಬಿದ್ದಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ನಿಯಮಗಳನ್ನು ಬಾಯಿಪಾಠ ಮಾಡುವ ಕಾರಣವಿಲ್ಲ. ಹೇಟೆ ಏನು ಮಾಡುತ್ತಿತ್ತೋ ಅದನ್ನು ನಾವು ಬುಟ್ಟಿ, ಜಾಳಿಗೆ, ತಾಳ್ಮೆಗಳಿಂದ ಮಾಡುವದು, ಅಷ್ಟೇ.

ಮೊದಲು ರೋಗದ ವಿಚಾರ

ಕೊಕ್ಕಿಗಿಂತ ಮೊದಲು ರೋಗವನ್ನು ನೆನೆಯಬೇಕೆಂದು ಪಶುವೈದ್ಯರು ಹೇಳಿದರು. ಹೊರಗಿನಿಂದ ತಂದ ಮರಿಗಳನ್ನು ಕನಿಷ್ಠ ಮೂರು ವಾರ, ಸಾಧ್ಯವಿದ್ದರೆ ಒಂದು ತಿಂಗಳು, ಹಳೆಯ ಹಿಂಡಿನಿಂದ ದೂರ, ಬೇರೆ ಕೋಣೆಯಲ್ಲಿ ಇಡಬೇಕು. ಹಳೆಯ ಕೋಳಿಗಳಿಂದ ಮರಿಗಳಿಗೂ ಮರಿಗಳಿಂದ ಹಳೆಯವುಗಳಿಗೂ ರೋಗ ದಾಟಬಲ್ಲದು. ಕಾಳು ನೀರು ಕೊಡುವಾಗ ಮೊದಲು ಮರಿಗಳಿಗೆ ಕೊಟ್ಟು ಆಮೇಲೆ ದೊಡ್ಡವುಗಳ ಕಡೆ ಹೋಗಬೇಕು. ನಡುವೆ ಕೈಕಾಲು ತೊಳೆಯಬೇಕು. ಪಾತ್ರೆಗಳು ಬೇರೆ ಬೇರೆ ಇರಬೇಕು.

ನಮ್ಮ ಕಡೆ ಕೊಕ್ಕರೆ ರೋಗವೆನ್ನುವ ರಾಣಿಖೇತ ರೋಗವು ಹಿತ್ತಲನ್ನು ಒಂದೇ ವಾರದಲ್ಲಿ ಬರಿದು ಮಾಡಬಲ್ಲದು. ೧೯೨೬ರಲ್ಲಿ ಇಂಗ್ಲಂಡಿನ ನ್ಯೂಕ್ಯಾಸಲ್ ಊರಿನ ಸಮೀಪದಲ್ಲಿ ಕಾಣಿಸಿಕೊಂಡದ್ದರಿಂದ ಹೊರದೇಶಗಳಲ್ಲಿ ಅದಕ್ಕೆ ಆ ಊರಿನ ಹೆಸರು. ಭಾರತದಲ್ಲಿ ಹಿಮಾಲಯದ ಮಗ್ಗುಲಿನ ರಾಣಿಖೇತದ ಹೆಸರು. ಇದು ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆಯುಂಟು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕುತ್ತಾರೆ. ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು ಕೊಡುತ್ತಾರೆ. ಯಾವ ಲಸಿಕೆ ಆಗಿದೆ, ಯಾವದು ಆಗಿಲ್ಲ ಎಂದು ಮರಿ ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಉಳಿದದ್ದನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಎರಡನೆಯ ಶತ್ರು ರಕ್ತಭೇದಿ. ಕಾಕ್ಸಿಡಿಯಾ ಎಂಬ ಸೂಕ್ಷ್ಮ ಜೀವಿಯಿಂದ ಬರುವ ರೋಗವಿದು. ದೊಡ್ಡ ಕೋಳಿಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೂ ಆರೋಗ್ಯವಾಗಿರುತ್ತವೆ. ಅವುಗಳ ಹಿಕ್ಕೆಯನ್ನು ತುಳಿದು ಕೆದರಿದ ಮರಿಗಳು ಕೆಡುತ್ತವೆ. ಈ ಜೀವಿಯ ಬೀಜಕ್ಕೆ ಬಲ ಬರುವದು ತೇವದಿಂದ. ಒಣಗಿದ ನೆಲದಲ್ಲಿ ಅದರ ಆಟ ನಡೆಯದು. ನಮ್ಮ ಎರೆಮಣ್ಣು ಒಂದು ಮಳೆಗೆ ಕೆಸರಾಗಿ ವಾರಗಟ್ಟಲೆ ಹಸಿಯಾಗಿಯೇ ಉಳಿಯುವಂಥದು. ಆದುದರಿಂದ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಮರಿಗಳ ಕೆಳಗೆ ಶೇಂಗಾ ಸಿಪ್ಪೆಯನ್ನು ಎರಡು ಮೂರು ಅಂಗುಲ ಹಾಸಿ, ದಿನವೂ ಕೈಯಾಡಿಸಿ, ನೀರು ಚೆಲ್ಲಿದ ಕಡೆಯದನ್ನು ತೆಗೆದುಹಾಕಿದರೆ ಅರ್ಧ ರೋಗ ತಪ್ಪಿದಂತೆ. ಮರಿ ಗರಿ ಕೆದರಿಕೊಂಡು ಕುಗ್ಗಿ ಕುಳಿತರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಯಾವ ವಯಸ್ಸಿಗೆ?

ಹೊಸ ಮರಿಗೆ ಮೊದಲನೆಯ ವಾರ ಸುಮಾರು ೩೫ ಡಿಗ್ರಿ ಸೆಂಟಿಗ್ರೇಡ್ ಬಿಸುಪು ಬೇಕು; ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಥರ್ಮಾಮೀಟರು ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಆಡಿದರೆ ಹಿತ. ಮೈತುಂಬ ನಿಜವಾದ ಗರಿ ಬರಲು ಐದಾರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಹಿಂಡಿನ ಮಾತೇ ಬೇಡ.

ಗರಿ ಬಂದ ಮೇಲೂ ತಕ್ಷಣ ಬಿಡುವಂತಿಲ್ಲ. ಗಾತ್ರದಲ್ಲಿ ಮರಿಯು ಹಳೆಯ ಹೇಟೆಯ ಮುಕ್ಕಾಲು ಪಾಲಿಗೆ ಬಂದಾಗ ಪೂರ್ತಿ ಕೂಡಿಸುವದು ಕ್ಷೇಮ. ಗಿರಿರಾಜದಂಥ ದಪ್ಪ ತಳಿಯವು ಜವಾರಿ ಹೇಟೆಗಳ ಸಮಕ್ಕೆ ಬೇಗ ಬರುತ್ತವೆ. ಜವಾರಿ ಮರಿಗಳಿಗೆ ಮೂರು ತಿಂಗಳು ಬೇಕಾಗಬಹುದು. ಆದರೆ ದಪ್ಪವಾದ ಮಾತ್ರಕ್ಕೆ ಗಟ್ಟಿಯೆಂದು ತಿಳಿಯಬಾರದು. ಜವಾರಿ ಹೇಟೆ ಚುರುಕು, ಹಾರುವದರಲ್ಲಿ ನಿಪುಣ. ದಪ್ಪ ಮರಿ ನಿಧಾನ. ತೂಕದಲ್ಲಿ ಗೆದ್ದದ್ದು ಜಗಳದಲ್ಲಿ ಸೋಲುವದುಂಟು.

ನೋಡಲಿ, ಮುಟ್ಟದಿರಲಿ

ಆರನೆಯ ವಾರದ ಸುಮಾರಿಗೆ ನಿಜವಾದ ಪರಿಚಯ ಸುರುವಾಗುತ್ತದೆ. ಹಿತ್ತಲಿನ ಒಂದು ಮೂಲೆಗೆ ಅರ್ಧ ಅಂಗುಲ ಕಣ್ಣಿನ ತಂತಿಯ ಜಾಳಿಗೆ ಕಟ್ಟಿ ಮರಿಗಳನ್ನು ಅದರೊಳಗೆ ಇಡಬೇಕು. ಮೇಲೂ ಜಾಳಿಗೆ ಇರಲೇಬೇಕು. ಹದ್ದು ಮೇಲಿನಿಂದ ಬರುತ್ತದೆ, ಬೆಕ್ಕು ಗೋಡೆಯಿಂದ ಇಳಿಯುತ್ತದೆ. ಹೆಗ್ಗಣ ನೆಲ ಕೊರೆದು ಬರುವದರಿಂದ ಜಾಳಿಗೆಯ ಅಂಚನ್ನು ಒಂದು ಗೇಣು ಮಣ್ಣಿನಲ್ಲಿ ಹುಗಿದು ಮೇಲೆ ಕಲ್ಲಿಡಬೇಕು. ರಾತ್ರಿ ಮಾತ್ರ ಮರಿಗಳನ್ನು ಮತ್ತೆ ಮನೆಯೊಳಗೆ ತರುವದು ಒಳ್ಳೆಯದು.

ಜಾಳಿಗೆಯ ಎರಡೂ ಬದಿಗೆ ಹತ್ತಿರ ಹತ್ತಿರವಾಗಿ ಕಾಳಿನ ತಟ್ಟೆ ಇಟ್ಟರೆ ಹಳೆಯವೂ ಹೊಸವೂ ಎದುರೆದುರು ನಿಂತು ತಿನ್ನುತ್ತವೆ. ಮೊದಲೆರಡು ದಿನ ಹೇಟೆಗಳು ಜಾಳಿಗೆಯ ಮೇಲೆ ಕುಟುಕುತ್ತವೆ, ಗರಿ ಕೆದರುತ್ತವೆ. ಮರಿಗಳು ಹಿಂದೆ ಸರಿಯುವದನ್ನು ಕಲಿಯುತ್ತವೆ. ನಾಲ್ಕೈದು ದಿನಗಳ ಮೇಲೆ ಆ ಕುತೂಹಲ ಇಳಿಯುತ್ತದೆ. ಎರಡೂ ಕಡೆಯವು ಬೆನ್ನು ತಿರುಗಿಸಿ ಕೆದರುತ್ತ ಕುಳಿತವೆಂದರೆ ಪಾಠದ ಮೊದಲ ಭಾಗ ಮುಗಿಯಿತು. ಇದಕ್ಕೆ ಒಂದು ವಾರ ಸಾಕಾಗಬಹುದು. ಎರಡು ವಾರ ಕೊಟ್ಟರೆ ನಷ್ಟವಿಲ್ಲ. ಆಯಿ ಇದನ್ನು ಒಂದೇ ಮಾತಿನಲ್ಲಿ ಹೇಳಿದಳು: "ಮೊದ್ಲ ಕಣ್ಣಿಗೆ ಬೀಳ್ಲಿ, ಆಮ್ಯಾಲ ಕೊಕ್ಕಿಗೆ ಸಿಗ್ಲಿ."

ಎರಡನೆಯ ಭಾಗ ಕಿಂಡಿಯದು. ಜಾಳಿಗೆಯ ಕೆಳಗೆ ಒಂದೆರಡು ಕಿಂಡಿ ಮಾಡಬೇಕು. ಮರಿ ನುಸುಳಬೇಕು, ಹೇಟೆಯ ಎದೆ ಸಿಕ್ಕಿಕೊಳ್ಳಬೇಕು, ಅಷ್ಟೇ ಅಳತೆ. ಒಂದು ಮರಿಯನ್ನೂ ಒಂದು ಹೇಟೆಯನ್ನೂ ಕೈಯಲ್ಲಿ ಹಿಡಿದು ನೋಡಿಯೇ ಕಿಂಡಿ ಕತ್ತರಿಸುವದು ಲೇಸು. ತಂತಿಯ ತುದಿಗಳನ್ನು ಹಿಂದಕ್ಕೆ ಮಡಚಬೇಕು, ಇಲ್ಲದಿದ್ದರೆ ಕಣ್ಣಿಗೆ ಚುಚ್ಚುತ್ತವೆ. ಈಗ ಧೈರ್ಯವಿದ್ದ ಮರಿ ಹೊರಗೆ ಬರುತ್ತದೆ. ಹೇಟೆ ಅಟ್ಟಿದರೆ ಒಳಗೆ ಓಡುತ್ತದೆ. ಹೇಟೆ ಹೊರಗೇ ಉಳಿಯುತ್ತದೆ. ತಾಯಿಯ ರೆಕ್ಕೆ ಮಾಡುತ್ತಿದ್ದ ಕೆಲಸವನ್ನು ಈಗ ಆ ಕಿಂಡಿ ಮಾಡುತ್ತದೆ. ಹೊರಗೆ ಹೋಗುವ ಹೊತ್ತನ್ನು ಮರಿಯೇ ಆರಿಸಿಕೊಳ್ಳುವದರಿಂದ ಅದರ ಭಯವೂ ಬೇಗ ಹೋಗುತ್ತದೆ.

ಕೂಡಿಸುವ ದಿನ

ಕಿಂಡಿಯ ಅಭ್ಯಾಸ ಎರಡು ಮೂರು ವಾರ ನಡೆದು ಮರಿಗಳು ಬೆಳೆದ ಮೇಲೆ ಜಾಳಿಗೆಯನ್ನು ತೆರೆಯಬಹುದು. ಅಂದು ಮನೆಯಲ್ಲಿ ಯಾರಾದರೊಬ್ಬರು ಬಿಡುವಾಗಿರಬೇಕು. ಮೊದಲ ದಿನ ಸಂಜೆಗೆ ಮುಂಚಿನ ಒಂದು ತಾಸು ಸಾಕು. ಮುಂದೆ ದಿನವೂ ಹೆಚ್ಚಿಸುತ್ತ ಹೋಗಬೇಕು. ನೆನಪಿಡತಕ್ಕ ಸಂಗತಿಗಳು ಇವು.

ಒಂದೇ ಮರಿಯನ್ನು ಎಂದೂ ಸೇರಿಸಬಾರದು. ಒಂಟಿಯಾದದ್ದರ ಮೇಲೆ ಎಲ್ಲ ಕೊಕ್ಕುಗಳೂ ಬೀಳುತ್ತವೆ. ಜೊತೆಯಲ್ಲಿ ಬೆಳೆದ ಎರಡು ಮೂರಾದರೂ ಇದ್ದರೆ ಪೆಟ್ಟು ಹಂಚಿ ಹೋಗುತ್ತದೆ, ಧೈರ್ಯವೂ ಇರುತ್ತದೆ.

ತಟ್ಟೆಯೂ ನೀರಿನ ಪಾತ್ರೆಯೂ ಒಂದೊಂದೇ ಇದ್ದರೆ ಅದು ಜಗಳದ ಮೂಲ. ಮೇಲಿನ ಹೇಟೆ ಒಂದು ತಟ್ಟೆಯನ್ನು ಕಾಯಬಲ್ಲದು, ಮೂರನ್ನು ಕಾಯಲಾರದು. ಆದುದರಿಂದ ಒಂದರಿಂದ ಇನ್ನೊಂದು ಕಾಣದಂತೆ ಮೂರು ಕಡೆ ಇಡಬೇಕು. ಎಲ್ಲ ಕಡೆ ಜೋಳದ ನುಚ್ಚನ್ನು ಎರಚಿದರೆ ಹೇಟೆಗಳ ಗಮನ ನೆಲದ ಮೇಲೆ ಹೋಗುತ್ತದೆ.

ಮೂಲೆಗಳನ್ನು ಮುಚ್ಚಬೇಕು, ಮರೆಗಳನ್ನು ಮಾಡಬೇಕು. ಮೂಲೆಯೆಂದರೆ ಒಂದೇ ದಾರಿಯ ಬೋನು. ಚಿಗವ್ವನ ಮರಿಗಳು ಸಿಕ್ಕಿಕೊಂಡದ್ದು ಅಂಥದರಲ್ಲಿಯೇ. ಓರೆಯಾಗಿ ನಿಲ್ಲಿಸಿದ ಹಲಗೆ, ಎರಡೂ ಬದಿ ತೆರೆದ ಬುಟ್ಟಿ, ಕಣಿಕೆಯ ಸಿವುಡು ಇವು ಒಳಗೆ ಹೊಕ್ಕು ಆಚೆ ಬದಿಯಿಂದ ಹೊರಡಲು ಬರುವಂಥ ಮರೆಗಳು. ಗೂಡಿನೊಳಗೆ ದೊಡ್ಡ ಕೋಳಿಯೊಂದಕ್ಕೆ ಎರಡು ಚದರಡಿಯಾದರೂ ಸ್ಥಳ ಬೇಕು. ಹೊಸವನ್ನು ಸೇರಿಸುವಾಗ ಅದಕ್ಕಿಂತ ಹೆಚ್ಚು ಇದ್ದಷ್ಟು ಒಳ್ಳೆಯದು. ಇಕ್ಕಟ್ಟಿನಲ್ಲಿ ಯಾವ ಪರಿಚಯವೂ ಸ್ನೇಹವಾಗುವದಿಲ್ಲ.

ಕುಟುಕಿದ್ದನ್ನೆಲ್ಲ ನೋಡಿ ನಡುವೆ ಬೀಳಬಾರದು. ಹೇಟೆ ಬಂದು ತಲೆಯ ಮೇಲೆ ಒಂದು ಪೆಟ್ಟು ಕೊಟ್ಟಿತು, ಮರಿ ಕಿರಿಚಿ ಸರಿಯಿತು, ಹೇಟೆ ತನ್ನ ಕೆಲಸಕ್ಕೆ ಹೋಯಿತು ಎಂದರೆ ಲೆಕ್ಕ ತೀರಿತೆಂದರ್ಥ. ಅದನ್ನು ತಡೆದರೆ ಅದೇ ಲೆಕ್ಕ ನಾಳೆ ಮತ್ತೆ ತೆರೆಯುತ್ತದೆ. ಆದರೆ ಓಡಿದ ಮರಿಯನ್ನು ಬಿಡದೆ ಬೆನ್ನಟ್ಟುವದು, ಎರಡು ಮೂರು ಹೇಟೆಗಳು ಕೂಡಿ ಒಂದನ್ನು ಒತ್ತುವದು, ರಕ್ತ ಕಾಣುವದು, ಈ ಮೂರರಲ್ಲಿ ಒಂದಾದರೂ ಆದರೆ ತಕ್ಷಣ ಬೇರ್ಪಡಿಸಬೇಕು. ಗಾಯಗೊಂಡ ಮರಿಯನ್ನು ಗಾಯ ಆರುವವರೆಗೆ ಹಿಂಡಿನ ಕೊಕ್ಕಿಗೆ ಸಿಗದಂತೆ ಇಡಬೇಕು.

ಒಂದೇ ಹೇಟೆ ಪದೇ ಪದೇ ಕಾಡುತ್ತಿದ್ದರೆ ಮರಿಯನ್ನು ತೆಗೆಯುವ ಬದಲು ಆ ಹೇಟೆಯನ್ನೇ ನಾಲ್ಕೈದು ದಿನ ಬೇರೆ ಕಡೆ ಇಡುವದು ಪರಿಣಾಮಕಾರಿ. ಅದು ತಿರುಗಿ ಬಂದಾಗ ತಾನೇ ಹೊಸಬಳಾಗಿರುತ್ತದೆ. ತನ್ನ ಸ್ಥಾನ ಹುಡುಕುವದರಲ್ಲಿ ಅದರ ಹೊತ್ತು ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ಪರೀಕ್ಷೆ. ಕೋಳಿ ತಿಂದ ಕಾಳು ಮೊದಲು ಕುತ್ತಿಗೆಯ ಬುಡದಲ್ಲಿರುವ ಚೀಲದಲ್ಲಿ ಕೂಡುತ್ತದೆ. ಗೂಡಿಗೆ ಹೋಗುವ ಹೊತ್ತಿನಲ್ಲಿ ಪ್ರತಿಯೊಂದು ಮರಿಯ ಆ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತುಂಬಿದ್ದರೆ ಆ ದಿನ ಮರಿಗೆ ಹಿಂಡಿನಲ್ಲಿ ಅನ್ನ ಸಿಕ್ಕಿದೆ. ಬರಿದಾಗಿದ್ದರೆ, ಮೈಮೇಲೆ ಒಂದು ಗೀರು ಇಲ್ಲದಿದ್ದರೂ ಅದು ಅಪಾಯದಲ್ಲಿದೆ. ಗಾಯವಿಲ್ಲದೆ ಸತ್ತ ಆ ನಾಲ್ಕು ಮರಿಗಳ ಪಾಠ ಇದು.

ತಿನಿಸಿನಲ್ಲಿಯೂ ಒಂದು ಎಚ್ಚರಿಕೆ ಬೇಕು. ತತ್ತಿ ಇಡುವ ಕೋಳಿಗಳಿಗೆಂದು ಪೇಟೆಯಲ್ಲಿ ಸಿಗುವ ತಿನಿಸಿನಲ್ಲಿ ತತ್ತಿಯ ಚಿಪ್ಪಿಗಾಗಿ ಸುಣ್ಣದ ಅಂಶ ನೂರಕ್ಕೆ ಮೂರೂವರೆಯಷ್ಟು ಇರುತ್ತದೆ. ಮರಿಗೆ ಬೇಕಾದದ್ದು ನೂರಕ್ಕೆ ಒಂದರಷ್ಟು. ಹೆಚ್ಚಿನ ಸುಣ್ಣವನ್ನು ಬಹುದಿನ ತಿಂದರೆ ಮರಿಯ ಮೂತ್ರಪಿಂಡ ಕೆಡುತ್ತದೆ. ಕೂಡಿ ತಿನ್ನುವಾಗ ಎಲ್ಲಕ್ಕೂ ಬೆಳೆಯುವ ಮರಿಗಳ ತಿನಿಸನ್ನೇ ಕೊಟ್ಟು, ಸುಣ್ಣದ ಕಲ್ಲಿನ ಚೂರನ್ನೋ ಕಪ್ಪೆಚಿಪ್ಪಿನ ಪುಡಿಯನ್ನೋ ಬೇರೆ ಪಾತ್ರೆಯಲ್ಲಿ ಇಟ್ಟರೆ ಸಾಕು. ಬೇಕಾದ ಹೇಟೆಗಳು ತಾವೇ ಹೋಗಿ ತಿನ್ನುತ್ತವೆ.

ಎರಡು ಅಡ್ಡದಾರಿಗಳು

ರಾತ್ರಿ ಕತ್ತಲಲ್ಲಿ ಹೊಸವನ್ನು ಒಯ್ದು ಹಳೆಯವುಗಳ ಮಗ್ಗುಲಿಗೆ ಅಡ್ಡಗೋಲಿನ ಮೇಲೆ ಕೂಡಿಸಿಬಿಟ್ಟರೆ ಬೆಳಿಗ್ಗೆ ಎಲ್ಲವೂ ಒಂದಾಗಿರುತ್ತವೆ ಎಂದು ಕೆಲವರು ಹೇಳುತ್ತಾರೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವದು ಬಹಳ ಕಡಿಮೆ. ಆದುದರಿಂದ ಆ ರಾತ್ರಿ ಜಗಳವಾಗುವದಿಲ್ಲ, ಇದು ನಿಜ. ಆದರೆ ಬೆಳಕು ಹರಿದ ಮೇಲೆ ಗುರುತಿನ ಪ್ರಶ್ನೆ ಏಳದೆ ಇರದು. ಸಮ ಗಾತ್ರದ ಕೋಳಿಗಳಿಗೆ, ಅದೂ ಜಾಳಿಗೆಯ ಪರಿಚಯವಾದ ಮೇಲೆ, ಈ ಉಪಾಯ ಸಹಾಯಕ. ಸಣ್ಣ ಮರಿಗಳಿಗೆ ಇದೊಂದನ್ನೇ ನಂಬುವದು ಅಪಾಯ.

ಎರಡನೆಯ ದಾರಿ ಆಯಿಯದು, ಅದು ಎಲ್ಲಕ್ಕಿಂತ ಸೊಗಸಾದದ್ದು. ಮನೆಯಲ್ಲಿ ಕಾವಿಗೆ ಕುಳಿತ ಹೇಟೆಯಿದ್ದು, ಅದು ಕುಳಿತು ಮೂರು ವಾರದ ಸುಮಾರಾಗಿದ್ದರೆ, ಒಂದೆರಡು ದಿನದ ಹೊಸ ಮರಿಗಳನ್ನು ರಾತ್ರಿ ಮೆಲ್ಲಗೆ ಅದರ ಹೊಟ್ಟೆಯ ಕೆಳಗೆ ಸರಿಸಿ ತತ್ತಿಗಳನ್ನು ತೆಗೆಯಬೇಕು. ಬೆಳಿಗ್ಗೆ ಹೇಟೆ ಅವುಗಳನ್ನು ತನ್ನವೆಂದೇ ಕರೆಯುತ್ತದೆ. ಒಂದು ಜವಾರಿ ಹೇಟೆ ಹತ್ತು ಹನ್ನೆರಡು ಮರಿಗಳನ್ನು ರೆಕ್ಕೆಯಲ್ಲಿ ಮುಚ್ಚಬಲ್ಲದು. ಎಲ್ಲ ಹೇಟೆಗಳೂ ಒಪ್ಪುವದಿಲ್ಲವಾದ್ದರಿಂದ ನಸುಕಿನಲ್ಲಿ ಎದ್ದು ನೋಡಲೇಬೇಕು. ಮರಿಗಳು ವಾರದವಾದ ಮೇಲೆ ಈ ದಾರಿ ಮುಚ್ಚಿದಂತೆಯೇ. ಒಪ್ಪಿದರೆ ಮಾತ್ರ ಜಾಳಿಗೆ, ಕಿಂಡಿಗಳ ಬಹುಪಾಲು ಕೆಲಸ ನಮಗೆ ಉಳಿಯುತ್ತದೆ.

ಇನ್ನು ಋತುವಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುತ್ತದೆ. ಬೆವರು ಇಲ್ಲದ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಅಂಥ ದಿನ ನೆರಳಿಗಾಗಿ, ನೀರಿಗಾಗಿ ಹಳೆಯ ಕೋಳಿಗಳಲ್ಲೇ ಜಗಳವಿರುವಾಗ ಹೊಸವನ್ನು ಸೇರಿಸುವದು ಅನ್ಯಾಯ. ಮಳೆ ನಿಂತು ನೆಲ ಆರಿದ ಮೇಲಿನ ದಿನಗಳು, ಅಂದರೆ ದೀಪಾವಳಿಯಿಂದ ಸಂಕ್ರಾಂತಿಯ ಆಚೆಯವರೆಗೆ, ನಮ್ಮ ಜಿಲ್ಲೆಗೆ ಹೆಚ್ಚು ಅನುಕೂಲ. ಚಳಿ ಬಿದ್ದ ರಾತ್ರಿಗಳಲ್ಲಿ ಮರಿಗಳ ಗೂಡಿಗೆ ಗೋಣಿತಾಟು ಮುಚ್ಚಿದರಾಯಿತು.

ಈ ವರ್ಷ ದೀಪಾವಳಿಯಾದ ಮೇಲೆ ಚಿಗವ್ವ ಮತ್ತೆ ಹದಿನೈದು ಮರಿ ತಂದಳು. ಈ ಸಲ ಸಾಲ ಕೊಡಲು ಸಂಘದವರು ಹಿಂದುಮುಂದು ನೋಡಿದ್ದರಿಂದ ನಮ್ಮ ಅವ್ವ ತನ್ನ ತತ್ತಿಯ ಡಬ್ಬಿಯಿಂದ ಕೊಟ್ಟಳು. ಜಾಳಿಗೆಯನ್ನು ನಾವು ಇಬ್ಬರು ಗೆಳೆಯರು ಕೂಡಿ ಕಟ್ಟಿದೆವು. ಒಂದನ್ನು ಹದ್ದು ಒಯ್ದಿತು. ಹದಿನಾಲ್ಕು ಉಳಿದು ಬೆಳೆದವು. ಹಳೆಯ ಹೇಟೆಗಳು ಈಗಲೂ ಮೊದಲು ತಿನ್ನುತ್ತವೆ, ಮೇಲಿನ ಕೋಲಿನ ಮೇಲೆ ಮಲಗುತ್ತವೆ. ಹೊಸವು ಕೆಳಗಿನ ಕೋಲಿನಲ್ಲಿ. ಕೋಳಿಯ ಶ್ರೇಣಿಯನ್ನು ಅಳಿಸುವ ಶಕ್ತಿ ನಮಗಿಲ್ಲ. ಅದರೊಳಗೆ ಕಾಲಿಡುವ ಮರಿ ತನ್ನ ಪ್ರಾಣವನ್ನೇ ಶುಲ್ಕವಾಗಿ ಕೊಡದಂತೆ ನೋಡಿಕೊಳ್ಳುವ ಶಕ್ತಿ ಮಾತ್ರ ಪ್ರತಿಯೊಬ್ಬರಿಗೂ ಇದೆ.

ಊರಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಸಹಾಧ್ಯಾಯಿಗಳಲ್ಲಿ ನನ್ನದೊಂದು ವಿನಂತಿ. ಈ ಸಂಚಿಕೆ ನಿಮ್ಮ ಮನೆಗೆ ಹೋದಾಗ ಇದನ್ನು ಕಪಾಟಿನಲ್ಲಿ ಇಡುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅವ್ವನಿಗೆ ಒಮ್ಮೆ ಓದಿ ಹೇಳಿರಿ. ಓದಲು ಹೊತ್ತಿಲ್ಲದಿದ್ದರೆ ಇಷ್ಟು ಹೇಳಿದರೂ ಸಾಕು: ಮೂರು ವಾರ ದೂರ, ಎರಡು ವಾರ ಜಾಳಿಗೆಯ ಆಚೆ, ಮೂರು ಕಡೆ ತಟ್ಟೆ, ಮತ್ತು ಸಂಜೆ ಕೈಯಿಟ್ಟು ನೋಡುವ ಮರಿಯ ಕಾಳಿನ ಚೀಲ.